ಕೆಳಗಿನ ಸ್ವರ ಹಿಡಿದವರು

ಗಲ್ಫಿನ ಶಾಲೆಗಳಿಗೆ ಸಂಗೀತದ ಟೀಚರಾಗಿ ಹೊರಟ ಹುಡುಗ ಹುಡುಗಿಯರು ಈಚೆಗೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಮನೆ ಕೊಡುತ್ತಾರಾ, ವೀಸಾ ಎಷ್ಟು ವರ್ಷದ್ದು, ರಜೆಗೆ ಟಿಕೆಟ್ ಉಂಟಾ ಎಂದು ಕೇಳುತ್ತಾರೆ. ಅಲ್ಲಿ ಕೆಲಸ ಏನು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳದಿದ್ದರೂ ಹೇಳುವುದು ಬೋರ್ಡಿನ ಮುಂದೆ ನಿಂತು ನಿಂತು ಬಂದ ರೋಗ, ಅದಕ್ಕೆ ಮದ್ದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಒಂದು ಭ್ರಮೆ ಬಿಡಿ. ಶಾಲೆಗೆ ಸಂಗೀತ ಬೇಕಾಗಿಲ್ಲ, ಆನ್ಯುವಲ್ ಡೇ ಬೇಕು. ಬೆಳಗಿನ ಅಸೆಂಬ್ಲಿಗೆ ಹಾಡು, ಸ್ಪೋರ್ಟ್ಸ್ ಡೇಗೆ ಮಾರ್ಚು, ನ್ಯಾಷನಲ್ ಡೇಗೆ ಅರಬ್ಬಿ ಗೀತೆ, ಡ್ಯಾನ್ಸ್ ಟೀಚರಿಗೆ ಕ್ಯಾಸೆಟ್ಟು ಕತ್ತರಿಸಿ ಅಂಟಿಸಿಕೊಡುವುದು, ಮೈಕು ಕುಂಯ್ ಎಂದಾಗ ಓಡುವುದು. ಇಷ್ಟೆಲ್ಲ ಮುಗಿದು ಮಿಕ್ಕಿದ್ದರಲ್ಲಿ ಸಂಗೀತ ಕಲಿಸಬಹುದು. ನಾನು ದುಬೈಗೆ ಹೋದದ್ದು ತೊಂಬತ್ತರ ದಶಕದ ಆರಂಭದಲ್ಲಿ. ಮೊದಲ ದಿನ ಸೂಪರ್‌ವೈಸರ್ ಕೇಳಿದ್ದು ಒಂದೇ ಪ್ರಶ್ನೆ: "ಕೀಬೋರ್ಡ್ ಹೊತ್ತುಕೊಂಡು ಮೂರನೇ ಮಹಡಿ ಹತ್ತುತ್ತೀರಾ?"

ಹತ್ತಿದೆ. ಮೈಸೂರಿನವಳು ನಾನು. ಅಪ್ಪ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದವರು. ಬೆಳಿಗ್ಗೆ ಅವರ ಹತ್ತಿರ ಐದು ಗೆರೆಯ ಇಂಗ್ಲಿಷ್ ಸ್ವರಲಿಪಿ, ಸಂಜೆ ಮೇಷ್ಟ್ರ ಮನೆಯಲ್ಲಿ ಪಿಟೀಲಿನ ಮೇಲೆ ಸರಳೆ ವರಸೆ, ಹೀಗೆ ಎರಡು ದೋಣಿಯಲ್ಲಿ ಕಾಲಿಟ್ಟು ಬೆಳೆದವಳು. ದುಬೈಯಲ್ಲಿ ಹೊಟ್ಟೆ ಹೊರೆದದ್ದು ಅಪ್ಪನ ವಿದ್ಯೆ, ಮಾನ ಕಳೆದದ್ದು ಮೇಷ್ಟ್ರ ವಿದ್ಯೆ. ಕಳೆದದ್ದು ಹೇಗೆ ಎಂದರೆ, ಲಂಡನ್ನಿನ ಥಿಯರಿ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವಾಗ 'ಮೋಡ್' ಎಂಬ ಪಾಠ ಬಂತು. ಪಾಶ್ಚಾತ್ಯರ ಹಳೆಯ ಸಂಗೀತದಲ್ಲಿ ಮೇಜರ್, ಮೈನರ್ ಎಂಬ ಎರಡೇ ಪಂಗಡ ಇರಲಿಲ್ಲ, ಹಲವು ಸ್ವರಶ್ರೇಣಿಗಳಿದ್ದವು, ಒಂದೊಂದಕ್ಕೂ ಒಂದೊಂದು ಸ್ವಭಾವ. ನಮ್ಮ ಮೇಳಕರ್ತ ರಾಗಗಳಿದ್ದಂತೆ. ನಾನು ಹುರುಪಿನಲ್ಲಿ, "ಡೋರಿಯನ್ ಅಂದ್ರೆ ಏನಿಲ್ಲ ಮಕ್ಕಳಾ, ನಮ್ಮ ಖರಹರಪ್ರಿಯ" ಎಂದುಬಿಟ್ಟೆ. ಇಡೀ ಬ್ಯಾಚು ಉತ್ತರಪತ್ರಿಕೆಯಲ್ಲಿ ಖರಹರಪ್ರಿಯ ಎಂದೇ ಬರೆದು ಬಂತು. ಲಂಡನ್ನಿನ ಪರೀಕ್ಷಕರು ಅದನ್ನು ಯಾವ ಕಾಯಿಲೆಯ ಹೆಸರು ಎಂದುಕೊಂಡರೋ, ಸೊನ್ನೆ ಸುತ್ತಿ ಕಳಿಸಿದರು.

ಆ ದಿನ ಸ್ಟಾಫ್ ರೂಮಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕವಳು ಮೇಬಲ್. ನಮ್ಮ ಶಾಲೆಯ ಕಾಯರ್, ಅಂದರೆ ಮೇಳಗಾಯನ, ನೋಡಿಕೊಳ್ಳುತ್ತಿದ್ದ ಮಂಗಳೂರಿನ ಟೀಚರು. "ಸಾಯ್ಲಿ ಮಾರಾಯ್ತಿ, ಇನ್ನು ಅವರಿಗೆ ಲಂಡನ್ನಿಂದ ಇಲ್ಲಿಗೆ ಬಂದು ನಿನ್ನತ್ರ ಟ್ಯೂಷನ್ ತಗೊಳ್ಳಿಕ್ಕೆ ಹೇಳು!" ಎಂದಳು. ಅವತ್ತಿನಿಂದ ಗೆಳೆತನ.

ಮೇಬಲಳ ಗಂಡ ಅಬುಧಾಬಿಯ ಮುಸಫ್ಫಾದ ಒಂದು ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆಗಿದ್ದವನು. ಕ್ರೇನಿನಿಂದ ಜಾರಿದ ಪೈಪು ಮೈಮೇಲೆ ಬಿದ್ದು ಅವನು ತೀರಿಕೊಂಡಾಗ ಮಗಳು ರೀನಾ ಇನ್ನೂ ಯುಕೆಜಿ. ಊರಿಗೆ ಹೋಗಿ ಮಾಡುವುದೇನು ಎಂದು ಮೇಬಲ್ ಅಬುಧಾಬಿ ಬಿಟ್ಟು ದುಬೈಗೆ ಬಂದು ಈ ಕೆಲಸ ಹಿಡಿದಳು. ಅವಳ ವೀಸಾ ಶಾಲೆಯದು, ರೀನಾಳ ವೀಸಾ ಅಮ್ಮನದು. ಅಮ್ಮನ ಕೆಲಸ ಹೋದರೆ ಇಬ್ಬರೂ ದೇಶ ಬಿಡಬೇಕು. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ. ಅಲ್ಲಿ ಬದುಕುವವರು ಯಾರೂ ಇದನ್ನು ಒಂದು ದಿನವೂ ಮರೆಯುವುದಿಲ್ಲ.

ಕಲಿಸುವುದರಲ್ಲಿ ಅವಳಂಥವರನ್ನು ನಾನು ಮತ್ತೆ ನೋಡಲಿಲ್ಲ. ಹಳೆಯ ಚರ್ಚ್ ಸಂಗೀತವನ್ನು ಅವಳು ಮಕ್ಕಳಿಗೆ ಬೋರ್ಡಿನ ಮೇಲೆ ಹೇಳಿಕೊಟ್ಟವಳೇ ಅಲ್ಲ. ಎಲ್ಲರನ್ನೂ ನಿಲ್ಲಿಸಿ ಒಂದೇ ಧಾಟಿಯನ್ನು ತಾಳವಿಲ್ಲದೆ, ವಾದ್ಯವಿಲ್ಲದೆ, ಒಂದೇ ದನಿಯಲ್ಲಿ ಹಾಡಿಸುತ್ತಿದ್ದಳು. "ಇದು ಪ್ಲೇನ್ ಚಾಂಟ್. ಹಾಡಿನ ತಾಯಿ." ಆಮೇಲೆ ಅರ್ಧ ಜನರನ್ನು ಬೇರೆ ಮಾಡಿ, ಇವರು ಸ ಹಾಡಿದರೆ ಅವರು ಪ, ಇವರು ರಿ ಎಂದರೆ ಅವರು ದ, ಹೀಗೆ ಜೊತೆಜೊತೆಗೆ ನಡೆಸುತ್ತಿದ್ದಳು. "ಇದು ಆರ್ಗನಮ್. ಒಬ್ಬನೇ ಹಾಡಿ ಹಾಡಿ ಬೇಜಾರಾಗಿ ಜೊತೆ ಹುಡುಕಿದ್ದು." ಇನ್ನೊಂದು ದಿನ ಕೆಲವರನ್ನು ಕೆಳಗಿನ ಒಂದೇ ಸ್ವರದಲ್ಲಿ ನಿಲ್ಲಿಸಿ, ಉಳಿದವರಿಂದ ಮೇಲೆ ಒಂದೇ ಅಕ್ಷರದ ಮೇಲೆ ಹತ್ತಾರು ಸ್ವರ ಎಳೆಸುತ್ತಿದ್ದಳು. ಆ ಎಳೆತಕ್ಕೆ ಮೆಲಿಸ್ಮಾ ಎಂದು ಹೆಸರು, ನಮ್ಮ ಅಕಾರದಂತೆ. ಕೆಳಗೆ ನಿಂತ ಸ್ವರ ಡ್ರೋನ್, ನಮ್ಮ ತಂಬೂರಿ.

"ಟೆನರ್ ಅಂದ್ರೆ ಎಂತ?" ಎಂದು ಕೇಳುತ್ತಿದ್ದಳು. ಗಂಡಸರ ಎತ್ತರದ ದನಿ ಎಂದು ಮಕ್ಕಳು ಹೇಳಿದರೆ ತಲೆಗೊಂದು ಮೊಟಕುತ್ತಿದ್ದಳು. "ಅದೆಲ್ಲ ಆಮೇಲೆ ಬಂದದ್ದು. ಮೊದಲು ಅದರ ಅರ್ಥ, ಹಿಡಿಯುವವ. ಮೇಲಿನವರು ಎಷ್ಟೇ ಕುಣಿಯಲಿ, ಇವ ತನ್ನ ಸ್ವರ ಬಿಡ್ಲಿಕ್ಕಿಲ್ಲ."

ಹಿಡಿಯುವವರ ಬೆನ್ನಿನ ಮೇಲೆ, ಎರಡು ಭುಜದ ನಡುವೆ, ಅವಳು ಅಂಗೈ ಊರುತ್ತಿದ್ದಳು. "ಹಿಡಿ" ಎನ್ನುತ್ತಿದ್ದಳು. ಉಸಿರು ಮುಗಿಯಿತು ಎಂದು ಮಗು ಕಣ್ಣು ಬಿಟ್ಟರೆ, "ಕದ್ದು ತೆಗೀ. ಪಕ್ಕದವನು ತೆಗೆಯುವಾಗ ನೀನು ತೆಗೀಬೇಡ" ಎನ್ನುತ್ತಿದ್ದಳು. ಒಬ್ಬರು ಉಸಿರು ತೆಗೆಯುವಾಗ ಇನ್ನೊಬ್ಬರು ಹಿಡಿದಿರಬೇಕು, ಹಾಗಿದ್ದರೆ ಕೇಳುವವನಿಗೆ ಸ್ವರ ಎಲ್ಲೂ ಕಡಿಯುವುದಿಲ್ಲ. ಮೇಳದಲ್ಲಿ ಹಾಡುವುದು ಎಂದರೆ ಇಷ್ಟೇ ಎಂದು ಈಗಲೂ ನನ್ನ ನಂಬಿಕೆ.

ಇದನ್ನು ನೋಡಿ ನನ್ನ ಮೈಸೂರು ಬುದ್ಧಿಗೆ ಒಂದು ಉಪಾಯ ಹೊಳೆಯಿತು. ಮಕ್ಕಳಿಗೇಕೆ ಇಷ್ಟು ಕಷ್ಟ ಎಂದು ರಜೆಯಲ್ಲಿ ಊರಿಗೆ ಹೋದಾಗ ಒಂದು ವಿದ್ಯುತ್ ಶ್ರುತಿಪೆಟ್ಟಿಗೆ ತಂದೆ. ಗುಂಡಿ ಒತ್ತಿದರೆ ಸಾಕು, ಸ ಪ ಸ ಎಂದು ದಿನವಿಡೀ ಕೂಗುತ್ತದೆ. ಅದನ್ನಿಟ್ಟು ಹಾಡಿಸಿದಾಗ ಮೇಬಲ್ ಬಂದು ಆರಿಸಿಬಿಟ್ಟಳು.

"ಇದು ಉಸಿರು ತೆಗೆಯುದಿಲ್ಲ ವಿಶಾಲಾ. ಉಸಿರು ತೆಗೆಯದ್ದರ ಒಟ್ಟಿಗೆ ಹಾಡಿದ್ರೆ ಮಕ್ಕಳು ಕೇಳುದನ್ನೇ ಬಿಡ್ತಾರೆ."

"ಶ್ರುತಿ ಇಳಿಯಲ್ಲ ಕಣೇ, ಅದಾದ್ರೂ ಇರ್ಲಿ."

"ಇಳಿದ್ರೆ ನಾನಿಲ್ವಾ? ನಂಗೆ ಕಿವಿ ಇಲ್ವಾ?"

ಪೆಟ್ಟಿಗೆ ಸಂಗೀತದ ಕೋಣೆಯ ಕಪಾಟು ಸೇರಿತು.

ಕೆಲವು ವರ್ಷ ಕಳೆಯಿತು. ನಮ್ಮ ಕಾಯರ್ ನಾಲ್ಕು ದನಿಗಳಲ್ಲಿ ಹಾಡುತ್ತಿತ್ತು. ಒಂದು ವರ್ಷ ಮೇಬಲ್ ಅದನ್ನು ಮೂರು ದನಿಗೆ ಇಳಿಸಿದಳು. ಮಕ್ಕಳು ಚಿಕ್ಕವರು ಎಂದಳು. ಮರುವರ್ಷ ಎರಡಾಯಿತು, ಆರ್ಗನಮ್ ಮಾತ್ರ. ಅದರ ಮುಂದಿನ ವರ್ಷ ಚಾಂಟು, ಡ್ರೋನು, ಅಷ್ಟೇ. ಸೂಪರ್‌ವೈಸರ್ ಮೇಡಂ ಎಲ್ಲರ ಮುಂದೆ ಅವಳನ್ನು 'ನಮ್ಮ ಅರ್ಲಿ ಮ್ಯೂಸಿಕ್ ಸ್ಪೆಷಲಿಸ್ಟ್' ಎಂದು ಹೊಗಳತೊಡಗಿದರು. ಇಡೀ ದುಬೈಯಲ್ಲಿ ಬೇರೆ ಯಾವ ಶಾಲೆಯಲ್ಲೂ ಇಲ್ಲದ್ದು ಎಂದು ಶಾಲೆಯ ಮ್ಯಾಗಜಿನ್ನಿನಲ್ಲೂ ಬಂತು.

ನಾನೂ ತಮಾಷೆ ಮಾಡಿದೆ. ಅವಳು ಕಿಟಕಿಯ ಕಡೆ ಮುಖ ಮಾಡಿ ಟೀ ಕುಡಿಯುತ್ತಿದ್ದಳು. "ಹೀಗೇ ಹಿಂದಕ್ಕೆ ಹೋಗ್ತಾ ಇರು, ಬರೋ ವರ್ಷ ಆದಾಮನಿಂದ ಹಾಡಿಸ್ತೀಯ" ಎಂದೆ. ನಗಲಿಲ್ಲ. ಸಿಟ್ಟಾದಳೇನೋ ಎಂದು ಎದುರಿಗೆ ಹೋಗಿ ನಿಂತೆ. ನನ್ನನ್ನು ಕಂಡು ಬೆಚ್ಚಿದಳು, ಟೀ ಸೀರೆಯ ಮೇಲೆ ಚೆಲ್ಲಿತು. ಆಗ ನನಗೆ ಅರ್ಥವಾಯಿತು. ನನ್ನ ಮಾತು ಅವಳಿಗೆ ಕೇಳಿಸಿಯೇ ಇರಲಿಲ್ಲ.

"ಎಷ್ಟು ದಿನದಿಂದ?" ಎಂದೆ, ತುಟಿ ಕಾಣುವಂತೆ.

"ಮೊದಲು ಮೇಲಿನ ಸ್ವರ ಹೋಯ್ತು. ಆಮೇಲೆ ನಡುವಿನದ್ದು. ಈಗ ಕೆಳಗಿನದ್ದು ಸ್ವಲ್ಪ ಉಂಟು, ಅದೂ ಕೈಯಲ್ಲಿ ಮುಟ್ಟಿದ್ರೆ ಜಾಸ್ತಿ ಗೊತ್ತಾಗ್ತದೆ." ತನ್ನ ಅಂಗೈ ನೋಡಿಕೊಂಡಳು. "ನಾಲ್ಕು ದನಿ ಬೆರೆತ್ರೆ ನಂಗೆ ಬರೀ ಗೌಜಿ. ಒಂದೇ ಆದ್ರೆ ತುಟಿ ನೋಡಿ ಹೇಳ್ಬಹುದು, ಎಲ್ಲಿದ್ದಾರೆ ಅಂತ."

ಕಿವಿಗೆ ಮಿಷನ್ ಹಾಕಿಸಿಕೋ ಎಂದೆ. ಕಂಡರೆ ಅದೇ ದಿನ ಕೆಲಸ ಹೋಗುತ್ತದೆ ಎಂದಳು. "ರೀನಾ ಹನ್ನೆರಡನೇದು ಮುಗಿಸ್ಲಿ ವಿಶಾಲಾ. ಬೋರ್ಡ್ ಪರೀಕ್ಷೆ ಒಂದು ಬರೀಲಿ. ಮತ್ತೆ ನಾನೇ ಹೋಗ್ತೇನೆ, ಯಾರೂ ಹೇಳುದು ಬೇಡ."

ರೀನಾ ಆಗ ಹನ್ನೊಂದನೇ ತರಗತಿ. ಗೊತ್ತಿದ್ದವರು ಮೂರೇ ಜನ, ಅವಳು, ಮಗಳು, ನಾನು. ಡ್ರೋನ್ ಹಿಡಿಯುವ ಸಾಲಿನಲ್ಲಿ ರೀನಾಳನ್ನು ಮುಂದೆ ನಿಲ್ಲಿಸುತ್ತಿದ್ದಳು. ಶ್ರುತಿ ಇಳಿದರೆ ರೀನಾ ಹೆಬ್ಬೆರಳನ್ನು ಲಂಗಕ್ಕೆ ಒತ್ತಿ ತೋರಿಸುತ್ತಿದ್ದಳು, ತಾಯಿ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿ "ಮತ್ತೊಮ್ಮೆ" ಎನ್ನುತ್ತಿದ್ದಳು. ಅಭ್ಯಾಸದಲ್ಲಿ ಇದು ನಡೆಯುತ್ತದೆ. ವೇದಿಕೆಯಲ್ಲಿ ಹಾಡು ನಿಲ್ಲಿಸುವಂತಿಲ್ಲ ಎಂಬುದು ನಮ್ಮ ಮೂವರಿಗೂ ಗೊತ್ತಿತ್ತು.

ರೀನಾ ಹನ್ನೆರಡನೇ ತರಗತಿಗೆ ಬಂದ ವರ್ಷ ಅಬುಧಾಬಿಯಲ್ಲಿ ಶಾಲೆಗಳ ಗಾಯನ ಉತ್ಸವ ಎಂದಾಯಿತು. ಅಭ್ಯಾಸದ ಸಮಯಕ್ಕೆ ಸರಿಯಾಗಿ ರಂಜಾನ್ ಬಂತು. ಆ ತಿಂಗಳು ನಮ್ಮ ಶಾಲೆಯಲ್ಲಿ ವಾದ್ಯ ಮುಟ್ಟುತ್ತಿರಲಿಲ್ಲ, ಕೀಬೋರ್ಡಿಗೆ ಬಟ್ಟೆ ಹೊದಿಸಿ ಇಡುತ್ತಿದ್ದೆವು. ಬಾಗಿಲು ಹಾಕಿಕೊಂಡು ಮೆಲ್ಲಗೆ ಬರೀ ಬಾಯಲ್ಲಿ ಹಾಡಿಸಬೇಕು. ಮೇಬಲ್‌ಗೆ ಅದೇ ಅನುಕೂಲ, ತಾಳೆ ನೋಡಲು ವಾದ್ಯವೇ ಇಲ್ಲ.

ಆಗ ಸೂಪರ್‌ವೈಸರ್ ಮೇಡಂ ಅಭ್ಯಾಸ ನೋಡಲು ಬಂದರು. ದಿಲ್ಲಿ ಕಡೆಯವರು, ಕೆಟ್ಟವರಲ್ಲ, ಸದಾ ಮೇಲಿನವರಿಗೆ ಹೆದರುತ್ತಿದ್ದವರು. ಲ್ಯಾಟಿನ್ ಪದ ಕಿವಿಗೆ ಬಿದ್ದದ್ದೇ ಹುಬ್ಬೇರಿಸಿದರು. "ಯೇ ಚರ್ಚ್ ವಾಲೇ ವರ್ಡ್ಸ್ ನಹೀಂ ಚಲೇಂಗೇ. ಟ್ಯೂನ್ ರಖೋ, ವರ್ಡ್ಸ್ ನಿಕಾಲೋ. ಸಿರ್ಫ್ 'ಆ' ಗಾವೋ." ಪದ ತೆಗೆದು ಬರೀ ಅಕಾರದಲ್ಲಿ ಹಾಡಿಸಿ ಎಂಬ ಅಪ್ಪಣೆ. ಹೋಗುವಾಗ ಇನ್ನೊಂದು ಅಪ್ಪಣೆ ಕೊಟ್ಟರು: ಇಷ್ಟು ಸಪ್ಪೆಯಾಗಿ ಮುಗಿಸಬೇಡಿ, ಕೊನೆಗೆ ಪಿಯಾನೋ ಬರಲಿ, ದೊಡ್ಡದಾಗಿ ಬರಲಿ, ವಿಶಾಲಾ ನುಡಿಸಲಿ.

ಬಾಗಿಲು ಮುಚ್ಚಿದ ಮೇಲೆ ಮೇಬಲ್ ಕುರ್ಚಿಯಲ್ಲಿ ಕುಸಿದು ಕುಳಿತಳು. ಮೇಡಂಗೆ ತಾವು ಕಿತ್ತುಕೊಂಡದ್ದು ಏನು ಎಂದು ತಿಳಿದಿರಲಿಲ್ಲ. ಪದಗಳಿದ್ದರೆ ತುಟಿ ಅಲುಗುತ್ತದೆ, ಹಾಡು ಎಲ್ಲಿದೆ ಎಂದು ಅವಳು ಓದಬಲ್ಲಳು. ಬರೀ ಅಕಾರದಲ್ಲಿ ಎಲ್ಲ ಬಾಯಿಗಳೂ ಒಂದೇ ರೀತಿ ತೆರೆದಿರುತ್ತವೆ. ಆದಿಯಿಂದ ಅಂತ್ಯದವರೆಗೆ ಅವಳಿಗೆ ಕಾಣುವುದು ತೆರೆದ ಬಾಯಿಗಳ ಒಂದು ಸಾಲು.

"ಶ್ರುತಿಪೆಟ್ಟಿಗೆ ಇಡೋಣ" ಎಂದೆ. "ಯಾರಿಗೂ ಕಾಣದ ಹಾಗೆ ಪರದೆ ಹಿಂದೆ."

"ವಾದ್ಯ ಇಲ್ಲದೆ ಹಾಡುವ ವಿಭಾಗ ಅದು. ಕೊನೆಯ ಪಿಯಾನೋಕ್ಕೇ ಮೇಡಂ ಸ್ಪೆಷಲ್ ಪರ್ಮಿಷನ್ ತೆಗೀಬೇಕು. ಪೆಟ್ಟಿಗೆ ಸಿಕ್ಕಿಬಿದ್ರೆ ಮಕ್ಕಳನ್ನೇ ತೆಗೆದು ಹಾಕ್ತಾರೆ." ಮಗಳ ಕಡೆ ತಿರುಗಿದಳು. "ರೀನಾ, ನೀನು ಹಿಡಿ ಆಯ್ತಾ? ಎಂತ ಆದ್ರೂ ಬಿಡ್ಬೇಡ."

"ಓಕೆ ಮಮ್ಮಾ" ಎಂದಳು ರೀನಾ. ಅವಳು ಅಮ್ಮನಿಗೆ ಉತ್ತರ ಕೊಡುತ್ತಿದ್ದದ್ದು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಪುಟ್ಟ ಪುಟ್ಟ ಮಾತು, ತುಟಿ ಸ್ಪಷ್ಟವಾಗಿ ಅಲುಗುವಂತೆ. ಅಷ್ಟು ದಿನ ಅದನ್ನು ನಾನು ದುಬೈ ಮಕ್ಕಳ ಸೊಕ್ಕು ಎಂದುಕೊಂಡಿದ್ದೆ.

ಈದ್ ಕಳೆದು ಉತ್ಸವ ಬಂತು. ಶಾಲೆಯ ಬಸ್ಸಿನಲ್ಲಿ ಅಬುಧಾಬಿಗೆ ಹೋದೆವು. ಮುಸಫ್ಫಾ ಕಡೆಯ ತಿರುವು ಬಂದಾಗ ಮೇಬಲ್ ಶಿಲುಬೆ ಗುರುತು ಮಾಡಿಕೊಂಡಳು, ಪ್ರತಿಸಲದಂತೆ. ಸಭಾಂಗಣ ದೊಡ್ಡದು, ಏಸಿ ಜೋರು. ನಾನು ವೇದಿಕೆಯ ಬದಿಗೆ ಪಿಯಾನೋದ ಮುಂದೆ ಕುಳಿತೆ. ಮಕ್ಕಳಿಗೆ ಆರಂಭದ ಸ್ವರ ಒಂದನ್ನು ಕೊಟ್ಟು ಕೈ ತೆಗೆದೆ. ಮೇಬಲ್ ಕೈ ಎತ್ತಿದಳು.

ಹಳೆಯ ಕಾಲದ ಚಾಂಟಿಗೆ ಮೊದಮೊದಲು ಬರೆದ ಗುರುತುಗಳಿಗೆ ನ್ಯೂಮ್ ಎನ್ನುತ್ತಾರೆ. ಧಾಟಿ ಮೇಲೆ ಹೋಯಿತು, ಕೆಳಗೆ ಬಂತು ಎಂದಷ್ಟೇ ಅದು ಹೇಳುತ್ತದೆ, ಯಾವ ಸ್ವರದಿಂದ ಎಷ್ಟು ದೂರ ಎಂದು ಹೇಳುವುದಿಲ್ಲ. ಮೇಬಲಳ ಕೈ ಗಾಳಿಯಲ್ಲಿ ಅದನ್ನೇ ಬರೆಯುತ್ತಿತ್ತು. ಅಷ್ಟು ಚೆಂದದ ಕೈ. ಅದನ್ನು ನೋಡಿದವರು ಯಾರೂ ಅವಳಿಗೆ ಕೇಳಿಸುವುದಿಲ್ಲ ಎಂದುಕೊಳ್ಳಲಾರರು.

ಮೊದಲ ಸಾಲು ಸರಿಯಿತ್ತು. ಎರಡನೆಯದೂ ಸರಿ. ಆಮೇಲೆ ಮೇಲಿನ ಹುಡುಗಿಯರು ದಣಿದು ಕೂದಲೆಳೆಯಷ್ಟು ಕೆಳಗೆ ಜಾರಿದರು. ವಾದ್ಯವಿಲ್ಲದ ಮೇಳ ಜಾರುವುದು ಸಹಜ, ಯಾರಾದರೂ ಎತ್ತಿ ಹಿಡಿಯಬೇಕು. ರೀನಾ ಹೆಬ್ಬೆರಳು ಒತ್ತಿದಳು. ಮೇಬಲ್ ಕೈ ಸ್ವಲ್ಪ ಎತ್ತರಿಸಿದಳು. ಮಕ್ಕಳು ಅದನ್ನು ಇನ್ನೂ ಜೋರಾಗಿ ಹಾಡಿ ಎಂದು ತಿಳಿದು ಜೋರಾಗಿ ಜಾರಿದರು. ಡ್ರೋನಿನ ಸಾಲೂ ಅವರ ಹಿಂದೆ ಒಬ್ಬೊಬ್ಬರಾಗಿ ಇಳಿಯಿತು.

ರೀನಾ ಇಳಿಯಲಿಲ್ಲ. ನಾನು ಕೊಟ್ಟ ಸ್ವರದಲ್ಲೇ ನಿಂತಳು. ಪಕ್ಕದಲ್ಲಿ ಉಸಿರು ಹಂಚಿಕೊಳ್ಳಲು ಯಾರೂ ಇಲ್ಲ, ತಾನೇ ಕದ್ದು ತಾನೇ ಹಿಡಿಯಬೇಕು. ಅವಳ ಕುತ್ತಿಗೆಯ ನರ ಉಬ್ಬಿದ್ದು ನನಗೆ ಪಿಯಾನೋದಿಂದ ಕಾಣುತ್ತಿತ್ತು. ಇಡೀ ಮೇಳ ಒಂದು ಕಡೆ, ಅವಳೊಬ್ಬಳು ಇನ್ನೊಂದು ಕಡೆ, ನಡುವೆ ಒಂದು ಸಣ್ಣ ಕೆಟ್ಟ ಅಂತರ, ಹಲ್ಲಿನಲ್ಲಿ ಮರಳು ಸಿಕ್ಕಂತೆ. ಸಭೆ ಕೇಳಿದ್ದು ಅದನ್ನೇ. ಮುಂದಿನ ಸಾಲಿನ ತಾಯಂದಿರು ಕತ್ತು ಚಾಚಿ ಅಪಶ್ರುತಿ ಯಾರದು ಎಂದು ಹುಡುಕಿದರು, ಕಂಡುಹಿಡಿದರು, ಬೆರಳು ತೋರಿಸಿದರು. ಮೇಡಂ ತಲೆ ತಗ್ಗಿಸಿದರು.

ಮೇಬಲ್ ಮಗಳನ್ನೇ ನೋಡುತ್ತಿದ್ದಳು. ಬಾಯಿ ದೊಡ್ಡದಾಗಿ ತೆರೆದಿದೆ, ಕುತ್ತಿಗೆ ಗಟ್ಟಿಯಾಗಿದೆ, ಹಿಡಿದಿದ್ದಾಳೆ. ಅವಳು ಮಗಳಿಗೆ ನಕ್ಕಳು. ತುಂಬಾ ಹೆಮ್ಮೆಯ ನಗು.

ಪಿಯಾನೋ ಸೇರುವ ಜಾಗ ಬಂತು. ನಾನು ಬಾರಿಸದೆ ಕುಳಿತುಬಿಡಲೇ ಎಂದುಕೊಂಡೆ. ಆದರೆ ಅವಳ ಕೈ ನನ್ನ ಕಡೆ ಚಾಚಿ ಕರೆದಿತ್ತು, ಕರೆದ ಕೈಯನ್ನು ಸಭೆಯ ಮುಂದೆ ಬರಿದು ಮಾಡಲಾಗಲಿಲ್ಲ. ಬಾರಿಸಿದೆ. ಮೇಳವೂ ಪಿಯಾನೋವೂ ಎರಡು ಬೇರೆ ಊರುಗಳಿಂದ ಬಂದು ಢೀ ಹೊಡೆದಂತಾಯಿತು. ಅರ್ಧ ಮಕ್ಕಳು ಬಾಯಿ ಮುಚ್ಚಿದರು, ಉಳಿದವರು ತಡವರಿಸಿ ನಿಂತರು. ಪಿಯಾನೋದ ಜೊತೆ ಸರಿಯಾಗಿ ಕೂಡಿದ ದನಿ ಒಂದೇ ಉಳಿಯಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮೇಬಲ್ ನಗುತ್ತಲೇ ಕೈ ಆಡಿಸುತ್ತಿದ್ದಳು. ಮುಚ್ಚಿದ ಬಾಯಿಗಳನ್ನು ನೋಡಿದಾಗಲೇ ಅವಳ ಕೈ ನಿಧಾನವಾಗಿ ಕೆಳಗೆ ಬಂತು.

ಬಸ್ಸಿನಲ್ಲಿ ರೀನಾ ಅಮ್ಮನ ಎದುರಿಗೆ ಕುಳಿತು, ತುಟಿ ತೋರಿಸಿ ಹೇಳಿದಳು: "ಐ ವೆಂಟ್ ಆಫ್, ಮಮ್ಮಾ. ನಾನೇ ಹಾಳು ಮಾಡಿದ್ದು. ಸಾರಿ." ಆ ಸುಳ್ಳು ಉಳಿದ ಮಕ್ಕಳಿಗೂ ಹಿಡಿಸಿತು. ಎಲ್ಲರೂ ಹೂಂ ಎಂದರು.

ಮೇಡಂಗೆ ಹಿಡಿಸಲಿಲ್ಲ. ಒಂದು ಹುಡುಗಿ ಅಷ್ಟು ಹೊತ್ತು ಬೇರೆ ಸ್ವರ ಹಾಡಿದರೂ ಟೀಚರ್ ಏಕೆ ನಕ್ಕರು ಎಂಬುದು ಅವರ ತಲೆ ಕೊರೆದಿತ್ತು. ಮರುದಿನ ನಮ್ಮಿಬ್ಬರನ್ನೂ ಆಫೀಸಿಗೆ ಕರೆಸಿ, ಬೀರುವಿನಿಂದ ಏನೋ ತೆಗೆಯುವವರಂತೆ ಮೇಬಲಳ ಹಿಂದೆ ಹೋಗಿ, ಮಾಮೂಲು ದನಿಯಲ್ಲಿ "ಮೇಬಲ್, ನಿಮ್ಮ ಸೆರಗಿಗೆ ಬೆಂಕಿ ಹತ್ತಿದೆ" ಎಂದರು. ಮೇಬಲ್ ನನ್ನ ಮುಖ ನೋಡುತ್ತಾ ಕುಳಿತೇ ಇದ್ದಳು. ನಾನು ಕಣ್ಣು ಕೆಳಗೆ ಹಾಕಿದೆ. ನಿಮಗೆ ಮೇಲಧಿಕಾರಿಗಳ ವಿಷಯ ಕೇಳುವ ಆಸೆ ಇದ್ದರೆ ನನಗೆ ನೆನಪಿರುವ ಮೇಲಧಿಕಾರಿ ಇವರು.

ಬೋರ್ಡ್ ಪರೀಕ್ಷೆ ಮುಗಿಯುವವರೆಗೆ ವೀಸಾ ರದ್ದು ಮಾಡಬೇಡಿ ಎಂದು ನಾನು ಬೇಡಿಕೊಂಡೆ. ಮೇಡಂ ಕಣ್ಣಲ್ಲೂ ನೀರಿತ್ತು, ಆದರೂ "ಕಿವಿ ಕೇಳದ ಸಂಗೀತ ಟೀಚರ್ ಇದ್ದಾರೆ ಅಂತ ಪೇರೆಂಟ್ಸ್‌ಗೆ ಗೊತ್ತಾದರೆ ನನ್ನ ಗತಿ?" ಎಂದರು. ಶಾಲೆಯ ವೀಸಾ ಕೆಲಸ ನೋಡುತ್ತಿದ್ದವರು ಕಾಸರಗೋಡಿನ ಇಬ್ರಾಹಿಂ. ಅವರ ಹತ್ತಿರ ಹೋದೆ. "ಪೇಪರ್ ಹೋಗಿ ಆಯ್ತು ಟೀಚರೇ. ಖಲಾಸ್. ನನ್ನ ಕೈಯಲ್ಲಿ ಎಂತ ಉಂಟು?" ಎಂದು ಅವರು ಮುಖ ತಿರುಗಿಸಿಕೊಂಡರು. ರೀನಾ ಆ ವರ್ಷ ಪರೀಕ್ಷೆಗೆ ಕೂರಲಿಲ್ಲ.

ಸಾಮಾನು ಕಟ್ಟುವ ದಿನ ಅವರ ಕರಾಮಾದ ಕೋಣೆಗೆ ಹೋಗಿದ್ದೆ. ರೀನಾ ಕೆಳಗೆ ಅಂಗಡಿಗೆ ಹಗ್ಗ ತರಲು ಹೋದಾಗ ಮೇಬಲ್ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಸತ್ಯ ಹೇಳು. ರೀನಾ ಶ್ರುತಿ ಬಿಟ್ಟಳಾ?"

"ಇಲ್ಲ" ಎಂದೆ. "ಅವಳೊಬ್ಬಳೇ ಹಿಡಿದಿದ್ದಳು. ಕೊನೇ ತನಕ."

ಅವಳು ಅಳಲಿಲ್ಲ. ಮಡಿಸಿದ್ದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸಿದಳು. "ಹಿಡಿ ಅಂತ ನಾನೇ ಹೇಳಿದ್ದು" ಎಂದಳು.

ಅದರ ನಂತರವೂ ನಾನು ಬಹಳ ವರ್ಷ ಆ ಊರಿನಲ್ಲಿ ದುಡಿದೆ. ಕೀಬೋರ್ಡುಗಳು ಹಗುರಾದವು, ಕ್ಯಾಸೆಟ್ಟು ಹೋಗಿ ಸಿಡಿ ಬಂತು, ಈಗ ಕಾಯರ್ ಹಿಂದೆ ರೆಕಾರ್ಡ್ ಮಾಡಿದ ಟ್ರ್ಯಾಕ್ ಓಡುತ್ತದೆ, ಯಾರೂ ಜಾರುವುದಿಲ್ಲ. ಕೊನೆಯ ವರ್ಷಗಳಲ್ಲಿ ಡಿಸ್ಕವರಿ ಗಾರ್ಡನ್ಸ್‌ನ ಫ್ಲಾಟಿನಲ್ಲಿ ಖಾಸಗಿ ಪಾಠ ಹೇಳುತ್ತಿದ್ದಾಗ, ಹೊಸ ಟೀಚರುಗಳಿಗೆಲ್ಲ ಮೊದಲು ಕಿವಿ ತೋರಿಸಿಕೊಂಡು ಬನ್ನಿ ಎನ್ನುತ್ತಿದ್ದೆ. ನಿಮಗೂ ಅದನ್ನೇ ಹೇಳುತ್ತೇನೆ. ಬೇರೆ ಬುದ್ಧಿವಾದ ನನ್ನಲ್ಲಿಲ್ಲ.

ಅವರು ಹೊರಟದ್ದು ಒಂದು ಮಧ್ಯಾಹ್ನ. ವಿಮಾನ ನಿಲ್ದಾಣದವರೆಗೆ ಟ್ಯಾಕ್ಸಿಯಲ್ಲಿ ನಾನೂ ಹೋದೆ, ಮುಂದಿನ ಸೀಟಿನಲ್ಲಿ. ದಾರಿಯಲ್ಲಿ ಮೇಬಲ್ ಮಗಳನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಬೆನ್ನಿನ ಮೇಲೆ, ಎರಡು ಭುಜದ ನಡುವೆ, ಅಂಗೈ ಊರಿದಳು.

"ಹಿಡಿ" ಎಂದಳು.

ನಾನು ತಿರುಗಿ ನೋಡಿದೆ. ರೀನಾ ಕಿಟಕಿಯ ಹೊರಗೆ ನೋಡುತ್ತಾ ಬಾಯಿ ತೆರೆದಳು, ಅಮ್ಮ ಕಲಿಸಿದಷ್ಟೇ ಅಗಲ. ಏಸಿಯ ಸದ್ದು ಬಿಟ್ಟರೆ ಟ್ಯಾಕ್ಸಿಯಲ್ಲಿ ಬೇರೇನೂ ಕೇಳಿಸಲಿಲ್ಲ. ಅವಳು ಹಾಡುತ್ತಿರಲಿಲ್ಲ. ಕಿವಿ ಕೇಳದಿದ್ದರೂ ಆ ಅಂಗೈಗೆ ಎಲ್ಲ ತಿಳಿಯುತ್ತಿತ್ತು ಎಂಬುದು ನನಗೆ ಗೊತ್ತು, ರೀನಾಳಿಗೂ ಗೊತ್ತಿರಬೇಕು. ಒಂದು ಉಸಿರಿನಷ್ಟು ಹೊತ್ತು ಮೇಬಲ್ ಕೈ ತೆಗೆಯಲಿಲ್ಲ.

ಆಮೇಲೆ ತೆಗೆದು ಮಗಳ ಜಡೆ ಸರಿ ಮಾಡಿದಳು. "ಲಾಯ್ಕ ಉಂಟು ಮಗಾ" ಎಂದಳು. "ಶ್ರುತಿಯಲ್ಲೇ ಉಂಟು."